ಮಾವನ ಕಾಲು, ಅಳಿಯನ ಬೆರಳು

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಫೋಟೋ’ ಎಂದು. ಮೂಳೆ ವಿಭಾಗದ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವಳ ತನಕ ಎಲ್ಲರ ಬಾಯಲ್ಲೂ ಅದೇ. ‘ಏ ಫೋಟೋ, ಕ್ಯಾಮೆರಾ ಸ್ವಲ್ಪ ಇಳಿಸು’, ‘ಫೋಟೋ ಬಂದ್ನಾ ನೋಡ್ರಿ’. ಅವನಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಬೇಜಾರಿದ್ದದ್ದು ಬೇರೆ. ಈ ಆಸ್ಪತ್ರೆಗೆ ಕಾಲಿಟ್ಟ ಮೇಲೆ ಅವನು ಒಂದೇ ಒಂದು ಫೋಟೋ ತೆಗೆದಿರಲಿಲ್ಲ.

ಆಪರೇಷನ್ ಕೋಣೆಯಲ್ಲಿ ಅವನ ವಶಕ್ಕೆ ಕೊಟ್ಟದ್ದು ಕ್ಯಾಮೆರಾನೇ, ಸುಳ್ಳಲ್ಲ. ಎತ್ತರದ ಕಂಬದ ಮೇಲೆ ಅಡ್ಡಡ್ಡ ಮಲಗಿಸಿದ ಉದ್ದನೆಯ ಡಬ್ಬ, ಎರಡು ತುದಿಗೆ ಎರಡು ಕಣ್ಣು. ಆದರೆ ಆ ಕಣ್ಣಿಗೆ ಮನುಷ್ಯರು ಬೇಕಿಲ್ಲ. ಮಂಡಿ ಬದಲಾಯಿಸುವಾಗ ರೋಗಿಯ ತೊಡೆಯ ಮೂಳೆಗೊಂದು, ಮೊಣಕಾಲ ಕೆಳಗಿನ ಮೂಳೆಗೊಂದು, ಡಾಕ್ಟರ ಕೈಯ ಸಲಾಕೆಗೊಂದು ಸಣ್ಣ ಕವಲು ಸಿಕ್ಕಿಸಿರುತ್ತಾರೆ. ಕವಲಿನ ತುದಿಗಳಲ್ಲಿ ಬೂದು ಬಣ್ಣದ ಗುಂಡುಗಳು. ಕ್ಯಾಮೆರಾ ನಮಗೆ ಕಾಣದ ಒಂದು ಬೆಳಕು ಬಿಡುತ್ತದೆ, ಗುಂಡುಗಳು ಅದನ್ನು ತಿರುಗಿ ಕಳಿಸುತ್ತವೆ, ಆ ಹೊಳಪು ನೋಡಿ ಕಂಪ್ಯೂಟರು ಮೂಳೆ ಎಲ್ಲಿದೆ, ಸಲಾಕೆಯ ತುದಿ ಎಲ್ಲಿದೆ ಎಂದು ಲೆಕ್ಕ ಹಾಕಿ ಪರದೆಯ ಮೇಲೆ ತೋರಿಸುತ್ತದೆ. ಮಧ್ಯೆ ಯಾರದಾದರೂ ತಲೆಯೋ ಭುಜವೋ ಬಂತೋ, ಗುಂಡು ಮರೆಯಾಗಿ ಪರದೆ ಕೆಂಪಾಗುತ್ತದೆ. ಕ್ಯಾಮೆರಾದ ಮಟ್ಟಿಗೆ ಪ್ರಪಂಚವೆಂದರೆ ಆ ಗುಂಡುಗಳು, ಮಿಕ್ಕವರೆಲ್ಲ ಅಡ್ಡ ಬರುವವರು.

‘ಇದೂ ಒಂದು ಕ್ಯಾಮೆರಾನಾ?’ ಎಂದು ಅವನು ಹೆಂಡತಿಯ ಮುಂದೆ ಗೋಳಾಡುತ್ತಿದ್ದ. ‘ದಿನಾ ಎದುರಿಗೆ ನಿಂತ್ಕೋತೀನಿ. ಇವತ್ತಿಗೂ ನನ್ನ ಮುಖದ ಗುರುತಿಲ್ಲ ಅದಕ್ಕೆ.’

‘ನಿಮ್ಮ ಮುಖ ಅಡ್ಡ ಬಂದ್ರೆ ಕೆಂಪಗಾಗುತ್ತಲ್ಲ, ಅದೇ ಗುರುತು ಅಂದ್ಕೊಳ್ಳಿ’ ಎನ್ನುತ್ತಿದ್ದಳು ಆಕೆ.

ಮೊದಲು ಅವನದೊಂದು ಸ್ಟುಡಿಯೋ ಇತ್ತು. ಊರಿನ ಅರ್ಧ ಮದುವೆಗಳು ಅವನ ಕ್ಯಾಮೆರಾದಲ್ಲೇ ಆದವು ಎಂದರೂ ಸರಿಯೇ, ಯಾಕೆಂದರೆ ಅವನು ಹೇಳುವ ತನಕ ಯಾರೂ ಅಲ್ಲಾಡುವಂತಿರಲಿಲ್ಲ. ಎಂಥ ದೊಡ್ಡ ಮನುಷ್ಯನೇ ಇರಲಿ, ‘ಸರ್, ಗದ್ದ ಸ್ವಲ್ಪ ಒಳಗೆ. ಅಮ್ಮಾ, ನೀವು ಈ ಕಡೆ. ಹಾಂ, ಹಾಗೇ ಇರಿ, ಉಸಿರು ಬಿಡಬೇಡಿ’ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸರಿಸಿ ನಿಲ್ಲಿಸುತ್ತಿದ್ದ. ತನ್ನ ಮದುವೆಯ ದಿನವೂ ಸುಮ್ಮನಿರಲಿಲ್ಲ. ಬಾಡಿಗೆಗೆ ಕರೆಸಿದ ಫೋಟೋಗ್ರಾಫರನಿಗೆ ‘ಬೆಳಕು ಹಿಂದೆ ಬರ್ತಿದೆ, ಕೆಳಗೆ ಕೂತ್ಕೊಂಡು ತೆಗಿ’ ಎಂದು ಹೇಳುತ್ತಲೇ ಇದ್ದ. ಈಗಲೂ ಆಲ್ಬಂ ತೆಗೆದರೆ, ಹುಡುಗಿ ನಾಚಿಕೊಂಡು ನೆಲ ನೋಡುತ್ತಿದ್ದಾಳೆ, ಹುಡುಗ ಕೈ ಎತ್ತಿ ಯಾರಿಗೋ ಬಯ್ಯುತ್ತಿದ್ದಾನೆ. ಒಂದು ಚಿತ್ರದಲ್ಲೂ ಅವನ ಬಾಯಿ ಮುಚ್ಚಿಲ್ಲ.

ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಫೋನು ರಿಪೇರಿ ಅಂಗಡಿ. ಹೊಟ್ಟೆಯ ಮೇಲೆ ಹೊಡೆದವನೇ ಬಂದು ಅದೇ ಬಾಗಿಲಲ್ಲಿ ಕೂತರೆ ಯಾರಿಗೆ ತಾನೆ ಉರಿಯುವುದಿಲ್ಲ? ಅವನು ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟ.

ಆಸ್ಪತ್ರೆಯ ಕೆಲಸ ಸಿಕ್ಕಿದ್ದು ಅವನ ನಾಲಿಗೆಯಿಂದ. ನೌಕರರ ಗುರುತಿನ ಚೀಟಿಗೆ ಚಿತ್ರ ತೆಗೆಯಲು ಬಂದಿದ್ದ. ಪಕ್ಕದ ಕೋಣೆಯಲ್ಲಿ ಕಂಪನಿಯವನು ಪ್ಲಾಸ್ಟಿಕ್ ಕಾಲಿನ ಮೇಲೆ ಹೊಸ ಯಂತ್ರವನ್ನು ತೋರಿಸುತ್ತಿದ್ದ. ಪರದೆ ಗಳಿಗೆಗೊಮ್ಮೆ ಕೆಂಪಾಗುತ್ತಿತ್ತು. ದೊಡ್ಡ ಡಾಕ್ಟರ ತಲೆ ಅಡ್ಡ ಬರುತ್ತಿದೆ ಎಂಬುದು ಕಂಪನಿಯವನಿಗೆ ಗೊತ್ತು, ನರ್ಸುಗಳಿಗೆ ಗೊತ್ತು, ಗೋಡೆಗೂ ಗೊತ್ತು. ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ಇವನು ಅಭ್ಯಾಸಬಲದಿಂದ ‘ಸರ್, ತಲೆ ಸ್ವಲ್ಪ ಎಡಕ್ಕೆ. ಹಾಂ, ಈಗ ಚೆನ್ನಾಗಿ ಕಾಣ್ತೀರಿ’ ಎಂದುಬಿಟ್ಟ. ಪರದೆ ಹಸಿರಾಯಿತು. ಡಾಕ್ಟರು ತಿರುಗಿ ನೋಡಿ, ‘ಯಾರಪ್ಪ ನೀನು?’ ಎಂದರು.

ಹೀಗೆ ಸೇರಿಕೊಂಡ. ತರಬೇತಿ ಆಯಿತು, ಪರೀಕ್ಷೆ ಆಯಿತು, ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಡಾಕ್ಟರು ಮೊದಲ ದಿನವೇ ಹೇಳಿದ್ದರು: ‘ಸರಿಯೋಕೆ ಹೇಳೋದು ಸುಲಭದ ಕೆಲಸ. ಕಷ್ಟದ್ದು ಪಾಯಿಂಟ್ ತಗೊಳ್ಳೋದು. ನಾನು ಸಲಾಕೆ ಮೂಳೆ ಮೇಲಿಟ್ಟು “ತಗೋ” ಅಂದಾಗ ಮಾತ್ರ ಗುಂಡಿ ಒತ್ತಬೇಕು. ಮುಂಚೆ ಒತ್ತಿದ್ರೆ ಗಾಳಿಯಲ್ಲಿರೋದನ್ನೇ ಮೂಳೆ ಅಂತ ನಂಬ್ಕೊಳ್ಳುತ್ತೆ ಇದು. ಆ ಲೆಕ್ಕದ ಮೇಲೆ ನಾನು ಮೂಳೆ ಕತ್ತರಿಸೋದು. ಒಂದು ತಪ್ಪಿದ್ರೂ ನೀನು ನಿನ್ನ ಸ್ಟುಡಿಯೋಗೆ, ನಾನು ಇನ್ನೊಬ್ಬನ್ನ ಹುಡುಕೋದಕ್ಕೆ.’ ಹೋಗಲು ಸ್ಟುಡಿಯೋ ಇಲ್ಲ ಎಂದು ಇವನು ಹೇಳಲಿಲ್ಲ. ಮೈಯೆಲ್ಲ ಕಣ್ಣಾಗಿ ಕೆಲಸ ಮಾಡಿದ. ಒಮ್ಮೆ ಮಾತ್ರ ಎಲ್ಲರೂ ಸರಿಯಾಗಿ ನಿಂತದ್ದನ್ನು ಕಂಡು ಖುಷಿಯಾಗಿ ‘ಈಗ ಸ್ವಲ್ಪ ನಗಿ’ ಎಂದುಬಿಟ್ಟಿದ್ದ. ಎಲ್ಲರ ಬಾಯಿಗೂ ಮಾಸ್ಕ್ ಇದ್ದದ್ದರಿಂದ ನಕ್ಕರೋ ಇಲ್ಲವೋ ತಿಳಿಯಲಿಲ್ಲ.

ಇಷ್ಟೆಲ್ಲ ಆದರೂ ಅವನನ್ನು ಕೆಲಸಗಾರ ಎಂದು ಒಪ್ಪದ ಒಬ್ಬರಿದ್ದರು. ಹೆಂಡತಿಯ ತಂದೆ, ಅಂದರೆ ಮಾವ.

ಮಾವ ದರ್ಜಿ. ದರ್ಜಿ ಎಂದರೆ ಸುಮ್ಮನೆ ಅಲ್ಲ, ಕುತ್ತಿಗೆಗೆ ಟೇಪು ಹಾಕಿಕೊಂಡರೆ ರಾಜ. ಅವರ ಪ್ರಕಾರ ಪ್ರಪಂಚದಲ್ಲಿ ಇರುವುದು ಎರಡೇ ಜಾತಿಯ ಕೆಲಸ, ಕತ್ತರಿ ಹಿಡಿಯುವುದು ಮತ್ತು ಕಾಲಹರಣ. ‘ನಿಮ್ಮ ಫೋಟೋ ಕೆಟ್ರೆ ಇನ್ನೊಂದು ಹೊಡೀತೀರ. ನಾನು ಬಟ್ಟೆ ಕೆಟ್ಟದಾಗಿ ಕತ್ತರಿಸಿದ್ರೆ ಗಿರಾಕಿ ನನ್ನ ಕತ್ತರಿಸ್ತಾನೆ’ ಎನ್ನುವರು. ಬಂದವರಿಗೆ ಅಳಿಯನನ್ನು ಪರಿಚಯಿಸುವಾಗ ‘ಇವ್ರು ನಮ್ಮ ಅಳಿಯ. ಗುಂಡಿ ಒತ್ತುತ್ತಾರೆ’ ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಮಗಳು ಸಿಟ್ಟಾದರೆ, ‘ಸುಳ್ಳು ಹೇಳಿದ್ನೇನಮ್ಮ?’ ಎಂದು ಕಣ್ಣರಳಿಸುವರು.

ಈ ರಾಜರ ಕಾಲು ಮಾತ್ರ ಸೊಟ್ಟ. ಎರಡೂ ಮಂಡಿ ಹೊರಗೆ ಬಾಗಿ, ಪಾದ ಜೋಡಿಸಿ ನಿಂತರೆ ನಡುವೆ ಒಂದು ಕುಂಬಳಕಾಯಿ ಸಲೀಸಾಗಿ ಹಾದುಹೋಗುವಷ್ಟು ಜಾಗ. ಆದರೆ ದರ್ಜಿಯಲ್ಲವೇ, ತನ್ನ ಪ್ಯಾಂಟನ್ನು ತಾನೇ ಎಂಥ ಚಾಕಚಕ್ಯತೆಯಿಂದ ಹೊಲಿದುಕೊಳ್ಳುತ್ತಿದ್ದರೆಂದರೆ, ಬಟ್ಟೆಯೊಳಗಿನ ಸೊಟ್ಟ ಕಾಲು ನೋಡುವವರಿಗೆ ಕಂಬದ ಹಾಗೆ ಕಾಣಬೇಕು. ಬಟ್ಟೆ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದು ಅವರ ಗುಟ್ಟು. ಕಾಲು ಸೊಟ್ಟ ಎಂದು ಮನೆಯಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ. ಒಮ್ಮೆ ನೆರೆಮನೆಯವನು ತಮಾಷೆಗೆ ಅಂದದ್ದಕ್ಕೆ ಅವನ ಅಂಗಿಯ ತೋಳನ್ನು ಒಂದೊಂದು ಅಳತೆಗೆ ಹೊಲಿದು ಕೊಟ್ಟರಂತೆ.

ವರ್ಷಗಟ್ಟಲೆ ಹೊಲಿಗೆ ಯಂತ್ರ ತುಳಿದು ಮಂಡಿ ಸವೆಯಿತು. ಮೊದಲು ಮೆಟ್ಟಿಲು ಹತ್ತುವುದು ನಿಂತಿತು, ಆಮೇಲೆ ಅಂಗಡಿಗೆ ಹೋಗುವುದೂ ನಿಂತಿತು. ಗಿರಾಕಿಗಳು ಬೇರೆ ದರ್ಜಿಯ ಹತ್ತಿರ ಹೋದರು ಎಂಬ ಸುದ್ದಿ ಬಂದ ದಿನ ಮಾವ ಊಟ ಮಾಡಲಿಲ್ಲ. ಮಗಳು ಹಟ ಹಿಡಿದಳು. ಎರಡೂ ಮಂಡಿ ಬದಲಾಯಿಸುವುದು, ಮೊದಲು ಬಲಗಾಲು, ಅದು ಸರಿಹೋದರೆ ಎಡಗಾಲು ಎಂದು ತೀರ್ಮಾನವಾಯಿತು. ಕ್ಯಾಮೆರಾ ಇದ್ದದ್ದು ಅಳಿಯನ ಆಸ್ಪತ್ರೆಯಲ್ಲೇ, ಅದನ್ನು ನಡೆಸುವವನೂ ಅವನೊಬ್ಬನೇ.

‘ಅಂದ್ರೆ ನನ್ನ ಕಾಲಿನ ಅಳತೆ ಇವ್ರು ತಗೋತಾರಾ?’ ಎಂದರು ಮಾವ, ಅಳಿಯ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

‘ಅಳತೆ ಯಂತ್ರ ತಗೊಳ್ಳುತ್ತಪ್ಪ. ಇವ್ರು ಪಕ್ಕದಲ್ಲಿ ಇರ್ತಾರೆ’ ಎಂದಳು ಮಗಳು.

‘ಹಾಗಿದ್ರೆ ಸರಿ.’

ಆಪರೇಷನ್ ದಿನ ಬೆಳಿಗ್ಗೆ ಹೆಂಡತಿ ಅವನ ಅಂಗಿಯ ಕಾಲರು ಸರಿಮಾಡುತ್ತ ಹೇಳಿದಳು: ‘ನೋಡಿ, ಅಪ್ಪಂಗೆ ಇದು ಸರಿಹೋಗ್ದೆ ಇದ್ರೆ ಆ ಎಡಗಾಲನ್ನ ಯಾರಿಗೂ ಮುಟ್ಟೋಕೆ ಬಿಡಲ್ಲ. ಅಂಗಡಿ ಬಾಗಿಲು ಮತ್ತೆ ತೆಗೆಯೋದಿಲ್ಲ. ನೀವು ಏನೂ ಮಾತಾಡೋಕೆ ಹೋಗ್ಬೇಡಿ. ಬಾಯಿ ಮುಚ್ಕೊಂಡು ಗುಂಡಿ ಒತ್ತಿ, ಸಾಕು.’ ಸರಿಯಾಗಿಯೇ ಇದ್ದ ಕಾಲರನ್ನು ಮತ್ತೊಮ್ಮೆ ಸರಿಮಾಡಿದಳು.

ಸೊಂಟಕ್ಕೆ ಚುಚ್ಚಿ ಕೆಳಗಿನ ಅರ್ಧ ಮೈಯನ್ನು ಮರಗಟ್ಟಿಸಿದ್ದರು. ಮೇಲಿನ ಅರ್ಧ ಎಂದಿಗಿಂತ ಚುರುಕಾಗಿತ್ತು. ಎದೆಯ ಹತ್ತಿರ ನಿಲ್ಲಿಸಿದ ಹಸಿರು ಬಟ್ಟೆಯ ಆಚೆಯಿಂದ ಮಾವನ ಮಾತು ನಲ್ಲಿ ನೀರಿನ ಹಾಗೆ ಸುರಿಯುತ್ತಿತ್ತು. ಅರಿವಳಿಕೆ ಕೊಟ್ಟ ಡಾಕ್ಟರಮ್ಮನಿಗೆ ಆಕೆಯ ಗೌನಿನ ಭುಜ ಇಳಿಬಿದ್ದಿದೆ, ಹೊಲಿದವನಿಗೆ ಕೈಯೇ ಇಲ್ಲ ಎಂದರು. ಆ ಹಸಿರು ಬಟ್ಟೆಯ ಅಂಚನ್ನು ಹಿಡಿದು ನೋಡಿ ‘ಮಡಿಕೆ ನೆಟ್ಟಗಿಲ್ಲ’ ಎಂದರು. ಆಕೆ ನಗುತ್ತ ಹೂಂಗುಟ್ಟುತ್ತಿದ್ದರು.

ಇತ್ತ ಫೋಟೋ ಕ್ಯಾಮೆರಾ ಏರಿಸಿದ, ಇಳಿಸಿದ, ‘ಸಿಸ್ಟರ್, ಭುಜ ಸ್ವಲ್ಪ ಆ ಕಡೆ, ಸರ್, ಮೊಣಕೈ ಒಳಗೆ’ ಎಂದ. ಪರದೆಯ ಮೇಲೆ ಗುಂಡುಗಳೆಲ್ಲ ಹಸಿರಾದವು. ದೊಡ್ಡ ಡಾಕ್ಟರು ಸಲಾಕೆಯಿಂದ ಮಂಡಿಯ ಒಂದೊಂದು ಜಾಗ ಮುಟ್ಟಿ ‘ತಗೋ’ ಎನ್ನುವುದು, ಇವನು ಗುಂಡಿ ಒತ್ತುವುದು, ಪರದೆ ಮುಂದಿನ ಜಾಗ ಕೇಳುವುದು. ಕೊನೆಗೆ ಉಳಿದದ್ದು ಪಾದದ ಗಂಟು. ಒಳಗಂಟು ಮುಟ್ಟಿ ಆಯಿತು. ಸಲಾಕೆ ಹೊರಗಂಟಿನ ಮೇಲೆ ಬಂತು. ಈ ಎರಡು ಗಂಟುಗಳ ನಡುವೆ ಪಾದ ಎಲ್ಲಿದೆ ಎಂಬುದರ ಮೇಲೆ ಇಡೀ ಕಾಲಿನ ಗೆರೆ ನಿಂತಿದೆ.

ಅದೇ ಗಳಿಗೆಗೆ ಬಟ್ಟೆಯ ಆಚೆಯಿಂದ ಮಾವ ಗಟ್ಟಿಯಾಗಿ ಕೂಗಿದರು: ‘ಅಳಿಯಂದ್ರೇ! ನಂದು ಕಾಲಿನ ಫೋಟೋ ಮಾತ್ರಾನಾ, ಇಲ್ಲ ಮುಖಾನೂ ಬರುತ್ತಾ? ಹಲ್ಲಿನ ಸೆಟ್ಟು ಬೇರೆ ಬಿಚ್ಚಿಟ್ಟು ಬಂದಿದೀನಿ!’

ಇಡೀ ಕೋಣೆ ಗೊಳ್ಳೆಂದಿತು. ಡಾಕ್ಟರಮ್ಮ ನಕ್ಕರು, ಸಿಸ್ಟರ್ ನಕ್ಕಳು, ದೊಡ್ಡ ಡಾಕ್ಟರು ಭುಜ ಕುಲುಕಿಸಿ ನಕ್ಕರು. ನಗುವ ಭರದಲ್ಲಿ ಅವರ ಕೈ ಪಾದದಿಂದ ಎರಡು ಬೆರಳಷ್ಟು ಹೊರಕ್ಕೆ ಎದ್ದಿತು. ಮತ್ತು ಫೋಟೋನ ಬೆರಳು ಗುಂಡಿ ಒತ್ತಿಬಿಟ್ಟಿತು.

ಅವನು ಒತ್ತಲಿಲ್ಲ, ಬೆರಳು ಒತ್ತಿತು. ಅರ್ಧ ಆಯುಷ್ಯ ಅದು ಕಲಿತದ್ದೇ ಅಷ್ಟು: ಎಲ್ಲರೂ ಒಟ್ಟಿಗೆ ನಕ್ಕ ಕ್ಷಣ ಒತ್ತು, ಆ ನಗು ಮತ್ತೆ ಸಿಗುವುದಿಲ್ಲ. ಮದುವೆ ಮನೆಯಲ್ಲಾಗಿದ್ದರೆ ಅದು ವರ್ಷದ ಅತ್ಯುತ್ತಮ ಚಿತ್ರವಾಗುತ್ತಿತ್ತು. ಇಲ್ಲಿ ಯಂತ್ರ ಗಾಳಿಯಲ್ಲಿದ್ದ ಸಲಾಕೆಯನ್ನೇ ಮೂಳೆ ಎಂದು ನಂಬಿ, ಮುಂದಿನ ಪುಟಕ್ಕೆ ಹೋಯಿತು. ಡಾಕ್ಟರು ಕಣ್ಣೊರೆಸಿಕೊಳ್ಳಲಾಗದೆ ಮಿಟುಕಿಸಿ ತಲೆ ಎತ್ತಿದರು. ಪಾಯಿಂಟ್ ಆಗಿದೆ ಎಂದು ಪರದೆ ಹೇಳುತ್ತಿತ್ತು. ಸರಿ, ಆಗಿರಬೇಕು ಎಂದುಕೊಂಡರು.

ಪರದೆಯ ಮೇಲೆ ಕಾಲಿನ ಗೆರೆ ಮೂಡಿತು. ಡಾಕ್ಟರು ಹುಬ್ಬೇರಿಸಿದರು. ‘ಅರೆ, ಎಕ್ಸ್‌-ರೇಯಲ್ಲಿ ಇನ್ನೂ ಬಾಗಿದ್ದ ಹಾಗಿತ್ತಲ್ಲ. ಪರವಾಗಿಲ್ವೇ, ಕಾಲು ಸುಮಾರು ನೆಟ್ಟಗೇ ಇದೆ. ಎಕ್ಸ್‌-ರೇಗೆ ಕಾಲು ತಿರುಗಿಸಿಕೊಂಡು ಮಲಗಿದ್ರು ಅಂತ ಕಾಣುತ್ತೆ.’

‘ಕೇಳಿದ್ರಾ!’ ಎಂದು ಬಟ್ಟೆಯ ಆಚೆಯಿಂದ ವಿಜಯಘೋಷ ಎದ್ದಿತು. ‘ನೆಟ್ಟಗೇ ಇದೆ ಅಂದ್ರು! ಕಂಪ್ಯೂಟರೇ ಹೇಳ್ತು! ಜನ ಏನೇನೋ ಅಂತಿದ್ರು. ಅಳಿಯಂದ್ರೇ, ಮನೇಲಿ ಎಲ್ಲರಿಗೂ ಹೇಳಿ ಇದನ್ನ. ಇವತ್ತು ಒಂದು ಒಳ್ಳೆ ಕೆಲಸ ಮಾಡಿದ್ರಿ ನೋಡಿ.’

ಮದುವೆಯಾದ ಲಾಗಾಯ್ತು ಮಾವನ ಬಾಯಿಂದ ಅವನು ಕೇಳಿದ ಮೊದಲ ಹೊಗಳಿಕೆ ಅದು. ಬೆವರು ಟೋಪಿಯೊಳಗಿಂದ ಇಳಿದು ಕಿವಿಯ ಹಿಂದೆ ಹರಿಯಿತು. ಹೇಳಿದರೆ ಕೆಲಸ ಹೋಯಿತು, ಆ ಮಾತು ಡಾಕ್ಟರು ಮರೆತಿರಲಾರರು. ಹೇಳಿದರೆ ಮಾವನ ಗುಟ್ಟನ್ನು ಇಡೀ ಕೋಣೆಯ ಮುಂದೆ ಬಿಚ್ಚಿದ ಹಾಗೆ, ಅದನ್ನು ಅವರು ಈ ಜನ್ಮದಲ್ಲಿ ಕ್ಷಮಿಸಲಾರರು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸೊಟ್ಟ ಕಾಲಿಗೆ ಸೊಟ್ಟ ಮಂಡಿ ಕೂತು, ಕೆಲವು ವರ್ಷಕ್ಕೆ ಸವೆದು ಸಡಿಲವಾಗುತ್ತದೆ, ಅಷ್ಟೇ. ಹೆಂಡತಿಯ ಮಾತು ನೆನಪಾಯಿತು. ಬಾಯಿ ಮುಚ್ಕೊಂಡು ಇರಿ ಎಂದಿದ್ದಳು. ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ಬಾಯಿ ಮುಚ್ಚಿಕೊಂಡಿರಲು ನಿಜವಾಗಿಯೂ ಮನಸ್ಸಾಯಿತು.

ಸಿಸ್ಟರ್ ಗರಗಸ ಎತ್ತಿ ಡಾಕ್ಟರ ಕೈಗೆ ಕೊಟ್ಟಳು.

‘ಸರ್, ನಿಲ್ಲಿ’ ಎಂದ ಫೋಟೋ. ದನಿ ಅವನದೇ ಎಂದು ಅವನಿಗೇ ಅನ್ನಿಸಲಿಲ್ಲ. ‘ಮಾವನ ಕಾಲು ನೆಟ್ಟಗಿಲ್ಲ ಸರ್.’

‘ಏನಂದೆಯೋ?’ ಎಂದಿತು ಬಟ್ಟೆ. ಮಾವ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

‘ಸೊಟ್ಟ ಸರ್. ಎರಡೂ ಸೊಟ್ಟ. ನಮ್ಮ ಬೀದಿಗೆಲ್ಲ ಗೊತ್ತು. ಮಾವ ಪ್ಯಾಂಟು ಹಾಗೆ ಹೊಲ್ಕೋತಾರೆ, ಅದಕ್ಕೆ ಕಾಣಲ್ಲ.’

ಕೋಣೆಯಲ್ಲಿ ಯಾರೂ ನಗಲಿಲ್ಲ. ಡಾಕ್ಟರು ಗರಗಸ ಕೆಳಗಿಟ್ಟು, ‘ಮತ್ತೆ ಇದ್ಯಾಕೆ ಹೀಗೆ ತೋರಿಸ್ತಿದೆ?’ ಎಂದರು.

‘ಹೊರಗಂಟಿನ ಪಾಯಿಂಟ್ ತಪ್ಪಾಗಿ ತಗೊಂಡೆ ಸರ್. ನೀವು ತಗೋ ಅನ್ನೋಕೆ ಮುಂಚೆ ಒತ್ತಿಬಿಟ್ಟೆ. ಸಲಾಕೆ ಗಾಳಿಯಲ್ಲಿತ್ತು.’

‘ಯಾಕೆ ಒತ್ತಿದೆ?’

ಫೋಟೋ ಹಸಿರು ಬಟ್ಟೆಯ ಕಡೆ ನೋಡಿದ. ಯಾವ ಕೂಗಿಗೆ ಎಲ್ಲರೂ ನಕ್ಕರು ಎಂದು ಒಂದು ಮಾತು ಆಡಿದ್ದರೆ ತಪ್ಪಿನಲ್ಲಿ ಅರ್ಧ ಪಾಲು ಅತ್ತ ಹೋಗುತ್ತಿತ್ತು.

‘ನನ್ನ ಬೆರಳು ಸರ್’ ಎಂದ. ‘ಸುಮ್ನೆ ಒತ್ತಿಬಿಡ್ತು.’

ಡಾಕ್ಟರು ಅವನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಸಲಾಕೆ ತೆಗೆದುಕೊಂಡು, ಒಳಗಂಟು, ಹೊರಗಂಟು ಎರಡನ್ನೂ ಹೊಸದಾಗಿ ಮುಟ್ಟಿದರು. ‘ತಗೋ’ ಎಂದರು. ಇವನು ಬಲಗೈಯ ಬೆರಳನ್ನು ನಂಬದೆ ಎಡಗೈಯಲ್ಲಿ ಒತ್ತಿದ. ಪರದೆಯ ಗೆರೆ ಬಾಗಿತು. ಚೆನ್ನಾಗಿಯೇ ಬಾಗಿತು. ಮಂಡಿಯನ್ನು ಇಡಬೇಕಾದ ರೀತಿಯೇ ಬೇರೆಯಾಯಿತು. ಡಾಕ್ಟರು ಗರಗಸಕ್ಕೆ ಕೈ ಚಾಚಿದರು. ಅಲ್ಲಿಂದ ಹೊಲಿಗೆ ಮುಗಿಯುವ ತನಕ ಮಾವನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಡಾಕ್ಟರಮ್ಮ ಗಾಬರಿಯಾಗಿ ಎರಡು ಸಲ ನಾಡಿ ನೋಡಿದರು. ಕೈ ತೊಳೆಯುತ್ತ ದೊಡ್ಡ ಡಾಕ್ಟರು ಅಂದದ್ದು ಇಷ್ಟೇ: ‘ನಾಳೆ ವಾರ್ಡಿಗೆ ಬಾ. ಅಲ್ಲೇ ಮಾತಾಡೋಣ.’

ಹೆಂಡತಿಗೆ ಅವನೇ ಹೇಳಿದ, ಮಾವ ಕೂಗಿದ್ದೊಂದನ್ನು ಬಿಟ್ಟು. ಆಕೆ ಕೇಳಿ ತಲೆ ಮೇಲೆ ಕೈಹೊತ್ತು ಕೂತಳು. ‘ಸೊಟ್ಟ ಅಂತ ಹೇಳಿದ್ರಾ? ಎಲ್ಲರೆದುರಿಗೆ? ಬೀದಿಗೆಲ್ಲ ಗೊತ್ತು ಅಂತ ಬೇರೆ ಸೇರಿಸಿದ್ರಾ?’ ಅವನು ತಲೆ ತಗ್ಗಿಸಿ ಹೌದೆಂದ. ಕೆಲಸ ಹೋಗುವುದು ಖಂಡಿತ ಎಂದು ಇಬ್ಬರೂ ಅಂದುಕೊಂಡರು. ಬೇರೆ ಯಾವ ಕೆಲಸ ಎಂದು ಇಬ್ಬರಿಗೂ ತೋಚಲಿಲ್ಲ.

ಮರುದಿನ ವಾರ್ಡಿನಲ್ಲಿ ಮಾವ ದಿಂಬಿಗೊರಗಿ ಕೂತಿದ್ದರು. ಹೊದಿಕೆಯ ಹೊರಗೆ ಪಟ್ಟಿ ಸುತ್ತಿದ ಬಲಗಾಲು ನೇರವಾಗಿ ಚಾಚಿಕೊಂಡಿತ್ತು. ಅದರ ಪಕ್ಕದಲ್ಲಿ ಎಡಗಾಲು ಹಳೆಯ ಹಾಗೇ ಬಾಗಿ, ಬೇರೆ ಯಾರದೋ ಕಾಲನ್ನು ತಂದು ಮಲಗಿಸಿದ ಹಾಗಿತ್ತು. ಮಾವ ತಮ್ಮ ಟೇಪು ತರಿಸಿಕೊಂಡಿದ್ದರು. ಒಂದು ಕಾಲಿಗೆ ಹಿಡಿಯುವುದು, ಇನ್ನೊಂದಕ್ಕೆ ಹಿಡಿಯುವುದು, ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡುವುದು. ಅಳಿಯ ಬಂದು ಗೋಡೆಯ ಪಕ್ಕ ನಿಂತದ್ದನ್ನು ಕಂಡರೂ ಕಾಣದವರಂತೆ ಅಳೆಯುತ್ತಲೇ ಇದ್ದರು.

ದೊಡ್ಡ ಡಾಕ್ಟರು ಬಂದರು. ಕಾಲು ಎತ್ತಿಸಿದರು, ಇಳಿಸಿದರು, ಹೊಸ ಎಕ್ಸ್‌-ರೇಯನ್ನು ಬೆಳಕಿಗೆ ಹಿಡಿದು ತೃಪ್ತಿಯಿಂದ ತಲೆಯಾಡಿಸಿದರು. ಆಮೇಲೆ ಗೋಡೆಯ ಕಡೆ ತಿರುಗಿದರು.

‘ಹೇಳಿದ್ದು ಒಳ್ಳೇದಾಯ್ತು. ಆದ್ರೆ ಒತ್ತಿದ್ದು ನೀನೇ. ನನ್ನ ಮಾತು ನೆನಪಿದೆ ತಾನೇ?’

‘ಇದೆ ಸರ್.’

ಡಾಕ್ಟರು ಮಾವನ ಕಡೆ ನೋಡಿದರು. ‘ಕಾಲು ನಿಮ್ಮದು, ತಪ್ಪಿದ್ರೆ ಅನುಭವಿಸ್ತಿದ್ದೋರು ನೀವು. ಅದಕ್ಕೆ ನಿಮ್ಮನ್ನೇ ಕೇಳ್ತಿದೀನಿ. ಎಡಗಾಲಿಗೆ ಬೇರೆ ಊರಿಂದ ಬೇರೆಯವ್ರನ್ನ ಕರೆಸ್ಲಾ? ನೀವು ಏನಂತೀರೋ ಹಾಗೆ. ಇವನ ಕೆಲಸದ ವಿಷ್ಯಾನೂ ಅದರ ಮೇಲೇ ಬಿಟ್ಟಿದೀನಿ.’

ಮಾವ ಟೇಪನ್ನು ನಿಧಾನವಾಗಿ ಸುತ್ತಿ ಕೈಯಲ್ಲಿಟ್ಟುಕೊಂಡರು.

‘ಇವನೇ ಇರ್ಲಿ ಡಾಕ್ಟ್ರೇ’ ಎಂದರು. ‘ಎಡಗಾಲಿಗೂ ಇವನೇ ಗುಂಡಿ ಒತ್ತಲಿ.’ ಬಲಗಾಲನ್ನೇ ನೋಡುತ್ತ ಸೇರಿಸಿದರು: ‘ಆವತ್ತು ನನ್ನ ಬಾಯಿಗೆ ಮಾತ್ರ ಒಂದು ಪಟ್ಟಿ ಕಟ್ಟಿಬಿಡಿ.’

ಡಾಕ್ಟರಿಗೆ ಅರ್ಥವಾಗಲಿಲ್ಲ. ಮುದುಕರ ತಮಾಷೆ ಎಂದು ನಕ್ಕು ಮುಂದಿನ ಮಂಚಕ್ಕೆ ಹೋದರು. ಮಗಳಿಗೂ ಅರ್ಥವಾಗಲಿಲ್ಲ, ಅಪ್ಪನ ಮುಖ, ಗಂಡನ ಮುಖ ನೋಡಿದಳು. ಅರ್ಥವಾದದ್ದು ಅಳಿಯನಿಗೆ ಮಾತ್ರ. ಊರಿಗೆಲ್ಲ ಹೇಗೆ ನಿಲ್ಲಬೇಕೆಂದು ಹೇಳಿಕೊಟ್ಟವನಿಗೆ ತಾನು ಹೇಗೆ ನಿಲ್ಲಬೇಕೆಂದು ತಿಳಿಯಲಿಲ್ಲ.

‘ಮಾವ, ನೀರು ಕೊಡ್ಲಾ?’ ಎಂದ.

‘ಕೊಡು’ ಎಂದು ಮಾವ ಕೈ ಚಾಚಿದರು.